ಸೀರೆಯ ದಡಿ ಕಾಣದ ಫೋಟೊ ಮತ್ತು 1/160ರ ಲೆಕ್ಕ

ಬಾಗಲಕೋಟೆ ಸುತ್ತಮುತ್ತ ಮದುವೆ ಫೋಟೊ ತೆಗೆಯುತ್ತೇನೆ. ನಮ್ಮ ಕಡೆ ಹೆಚ್ಚಿನ ಮದುವೆಗಳು ಏಪ್ರಿಲ್, ಮೇ ತಿಂಗಳ ಸುಡುಬಿಸಿಲಲ್ಲೇ ಬರುತ್ತವೆ. ಅಕ್ಷತೆ ಮುಗಿದು ಊಟಕ್ಕೆ ಕೂರುವ ಮೊದಲು, ನೆತ್ತಿ ಮೇಲೆ ಸೂರ್ಯ ಇರುವಾಗಲೇ ಜೋಡಿಯನ್ನು ಹೊರಗೆ ಕರೆದುಕೊಂಡು ಬರುತ್ತಾರೆ.

ಇಳಕಲ್ ಹತ್ತಿರದ ಒಂದು ಹಳ್ಳಿಯಲ್ಲಿ ಹಾಗೇ ಆಯಿತು. ಮದುಮಗಳು ಉಟ್ಟಿದ್ದು ಕೈಮಗ್ಗದ ಇಳಕಲ್ ಸೀರೆ, ಚಿಕ್ಕಿ ಪರಾಸ ಎಂಬ ವಿನ್ಯಾಸದ ದಡಿ. ಅಡಿಯಿಂದ ಮುಡಿವರೆಗೆ ಬರಬೇಕು ಎಂದು ಮನೆಯವರು ಹೇಳಿದ್ದರು. ಸೂರ್ಯನನ್ನು ಜೋಡಿಯ ಬೆನ್ನ ಹಿಂದೆ ಇಟ್ಟುಕೊಂಡೆ. ಮುಖಕ್ಕೆ ಬೆಳಕು ಕೊಡಲು ಪಕ್ಕದಲ್ಲಿ ಫ್ಲ್ಯಾಷ್. ಆಕಾಶ ಬೆಳ್ಳಗಾಗಬಾರದು ಎಂದು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ ಅಂದರೆ ಲೆನ್ಸಿನ ಕಿಂಡಿ ಎಫ್/8, ಶಟರ್ ತೆರೆದಿರುವ ಹೊತ್ತು 1/500 ಸೆಕೆಂಡ್ ಇಟ್ಟೆ. ಆ ಬಿಸಿಲಲ್ಲಿ ಕ್ಯಾಮೆರಾ ಸ್ಕ್ರೀನ್ ಸರಿಯಾಗಿ ಕಾಣುವುದಿಲ್ಲ. ಮುಖ ಬೆಳಗಿದೆ ಎಂದಷ್ಟೇ ನೋಡಿ ಮುಂದೆ ಹೋದೆ.

ರಾತ್ರಿ ಕಂಪ್ಯೂಟರಿಗೆ ಹಾಕಿದಾಗ ಗೊತ್ತಾಯಿತು. ಸೊಂಟದಿಂದ ಮೇಲೆ ಚೆಂದ ಬೆಳಕು. ಕೆಳಗೆಲ್ಲ ಮಬ್ಬು ಕತ್ತಲೆ. ಆ ದಡಿಯನ್ನೇ ನಾನು ಕಳೆದುಹಾಕಿದ್ದೆ. ಸಾಫ್ಟ್‌ವೇರ್‌ನಲ್ಲಿ ಎತ್ತಿದರೆ ಬಣ್ಣ ಸತ್ತುಹೋಗುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ಶಟರ್‌ನಲ್ಲಿತ್ತು. ನಮ್ಮ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಮುಂದೆ ಎರಡು ಪರದೆ ಇರುತ್ತವೆ. ಮೊದಲನೆಯದು ಮೇಲಿನಿಂದ ಕೆಳಗೆ ಸರಿದು ಸೆನ್ಸರ್ ತೆರೆಯುತ್ತದೆ. ಎರಡನೆಯದು ಅದರ ಹಿಂದೆಯೇ ಬಂದು ಮುಚ್ಚುತ್ತದೆ. ಎಷ್ಟೇ ವೇಗ ಇಟ್ಟರೂ ಪರದೆ ಓಡುವ ವೇಗ ಬದಲಾಗುವುದಿಲ್ಲ. ಎರಡರ ನಡುವಿನ ಅಂತರ ಮಾತ್ರ ಕಡಿಮೆಯಾಗುತ್ತದೆ. 1/200 ಅಥವಾ 1/250ರವರೆಗೆ ಇಡೀ ಸೆನ್ಸರ್ ಒಂದು ಕ್ಷಣ ಪೂರ್ತಿ ತೆರೆದಿರುತ್ತದೆ. ಫ್ಲ್ಯಾಷ್ ಹೊಡೆಯಬೇಕಾದದ್ದು ಆ ಕ್ಷಣದಲ್ಲೇ. ಇದಕ್ಕೇ ಸಿಂಕ್ ಸ್ಪೀಡ್ ಅನ್ನುವುದು. 1/500ರಲ್ಲಿ ಮೊದಲ ಪರದೆ ಕೆಳಗೆ ಮುಟ್ಟುವಷ್ಟರಲ್ಲಿ ಎರಡನೆಯದು ಹತ್ತಿರ ಹತ್ತಿರ ಅರ್ಧ ಸೆನ್ಸರ್ ಮುಚ್ಚಿರುತ್ತದೆ. ಸೆನ್ಸರ್ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ, ಅಲ್ವಾ? ಹಾಗಾಗಿ ಮೇಲಿನಿಂದ ಮುಚ್ಚಿದ್ದು ಫೋಟೊದ ಕೆಳಭಾಗ, ನನ್ನ ಪಾಲಿಗೆ ಸೀರೆಯ ಭಾಗ.

ಹಾಗಾದರೆ ಕ್ಯಾಮೆರಾ ನನ್ನನ್ನು ತಡೆಯಲಿಲ್ಲ ಯಾಕೆ? ಕ್ಯಾಮೆರಾ ತಲೆಯ ಮೇಲೆ ಅದಕ್ಕೇ ಹೊಂದುವ ಫ್ಲ್ಯಾಷ್ ಇದ್ದರೆ ಅದು ತಾನೇ ಸಿಂಕ್ ವೇಗಕ್ಕೆ ಇಳಿಯುತ್ತದೆ. ನನ್ನ ಹತ್ತಿರ ಇದ್ದದ್ದು ನಡುವೆ ಒಂದೇ ಪಾಯಿಂಟ್ ಇರುವ ಸಾದಾ ರೇಡಿಯೊ ಟ್ರಿಗರ್, ಅಂದರೆ ದೂರದ ಫ್ಲ್ಯಾಷಿಗೆ ತಂತಿಯಿಲ್ಲದೆ ಸಂಕೇತ ಕಳಿಸುವ ಡಬ್ಬಿ. ಮೇಲೆ ಫ್ಲ್ಯಾಷ್ ಇದೆ ಅಂತ ಕ್ಯಾಮೆರಾಗೆ ಗೊತ್ತೇ ಆಗಿರಲಿಲ್ಲ.

ಮರುದಿನ ರಾತ್ರಿ ಮನೆಯಲ್ಲಿ ದೀಪ ಆರಿಸಿ, ಬಿಳಿ ಗೋಡೆಗೆ ಫ್ಲ್ಯಾಷ್ ಹೊಡೆದು ನೋಡಿದೆ. 1/125 ಸ್ವಚ್ಛ. 1/160 ಸ್ವಚ್ಛ. 1/200ಕ್ಕೆ ಕೆಳಗೆ ತೆಳ್ಳನೆಯ ನೆರಳು. 1/250ಕ್ಕೆ ಕಪ್ಪು ಪಟ್ಟಿ ಎದ್ದು ಕಂಡಿತು. ಕೈಪಿಡಿಯಲ್ಲಿ 1/200 ಎಂದೇ ಬರೆದಿತ್ತು. ಆದರೆ ಟ್ರಿಗರ್ ಸಂಕೇತ ಕಳಿಸುವಾಗ ಒಂಚೂರು ತಡ ಮಾಡುತ್ತದೆ. ಅಂದಿನಿಂದ ಈ ಕ್ಯಾಮೆರಾ-ಟ್ರಿಗರ್ ಜೋಡಿಗೆ ನನ್ನ ಮಿತಿ 1/160. ಕೈಪಿಡಿ ಓದಿ ಸುಮ್ನೆ ನಂಬಬೇಡಿ. ನಿಮ್ಮ ಕ್ಯಾಮೆರಾ, ನಿಮ್ಮ ಟ್ರಿಗರ್ ಇಟ್ಟು ಗೋಡೆಗೆ ಹೊಡೆದು ನೋಡಿ. ಹತ್ತು ನಿಮಿಷದ ಕೆಲಸ.

ಈಗ ನಿಜವಾದ ಕಷ್ಟ ಶುರುವಾಯಿತು. ನಮ್ಮ ಬಿಸಿಲಿಗೆ ಐಎಸ್ಒ 100, ಎಫ್/11 ಇಟ್ಟರೆ 1/200 ಬೇಕು. ಹಿನ್ನೆಲೆ ಮಸುಕಾಗಲು ಕಿಂಡಿ ದೊಡ್ಡದು ಮಾಡಿ ಎಫ್/2.8 ಬೇಕೆಂದರೆ 1/3200! ಅಲ್ಲಿಗೆ ಫ್ಲ್ಯಾಷ್ ಬರುವುದಿಲ್ಲ.

ಹೈ ಸ್ಪೀಡ್ ಸಿಂಕ್ ಇರುವ ಫ್ಲ್ಯಾಷ್ ತಂದೆ. ಅದು ಒಮ್ಮೆಗೇ ಮಿಂಚುವುದಿಲ್ಲ. ಪರದೆಗಳು ಓಡುವಷ್ಟು ಹೊತ್ತೂ ಬಹಳ ಬೇಗ ಬೇಗ ಮಿಡಿಯುತ್ತದೆ. ಪಟ್ಟಿ ಬರುವುದಿಲ್ಲ, ಆದರೆ ಬೆಳಕು ಎರಡು ಸ್ಟಾಪ್ (ಅಂದರೆ ಕಾಲು ಭಾಗಕ್ಕೆ) ಅಥವಾ ಇನ್ನೂ ಜಾಸ್ತಿ ಇಳಿಯುತ್ತದೆ. ಮೇ ಬಿಸಿಲಲ್ಲಿ ಫ್ಲ್ಯಾಷ್ ಕಾದು, ಮಧ್ಯದಲ್ಲಿ ನಿಂತೂ ಬಿಡುತ್ತದೆ. ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು ಹಾಕಿದರೆ 1/160ರಲ್ಲೇ ಎಫ್/2.8 ಸಿಗುತ್ತದೆ. ಆದರೆ ಅದು ಸೂರ್ಯನ ಬೆಳಕನ್ನು ತಡೆದಷ್ಟೇ ಫ್ಲ್ಯಾಷಿನ ಬೆಳಕನ್ನೂ ತಡೆಯುತ್ತದೆ.

ನನಗೆ ಬಿಡಿಸಿಕೊಟ್ಟದ್ದು ಒಂದೇ ಸಂಗತಿ. ಸಿಂಕ್ ಮಿತಿಯ ಒಳಗೆ ಶಟರ್ ಬದಲಿಸಿದರೆ ಫ್ಲ್ಯಾಷಿನ ಬೆಳಕು ಬದಲಾಗುವುದಿಲ್ಲ. ಮಿಂಚು ಅಷ್ಟು ಚಿಕ್ಕದು. ಶಟರ್ ಬರೀ ಸೂರ್ಯನ ಬೆಳಕನ್ನು ಏರಿಳಿಸುತ್ತದೆ. ಅಪರ್ಚರ್ ಎರಡನ್ನೂ. ಇದು ತಲೆಗೆ ಹೋದ ಮೇಲೆ ಕ್ರಮ ಸಿಕ್ಕಿತು. ಮೊದಲು 1/160 ಕಟ್ಟು. ಆಮೇಲೆ ಆಕಾಶ ನೋಡಿ ಅಪರ್ಚರ್. ಕೊನೆಗೆ ಫ್ಲ್ಯಾಷಿನ ಪವರ್. ಅದು ಸಾಲದಿದ್ದರೆ ಫ್ಲ್ಯಾಷನ್ನೇ ಹತ್ತಿರ ತರುತ್ತೇನೆ. ಎಂಟು ಅಡಿಯಿಂದ ನಾಲ್ಕು ಅಡಿಗೆ ತಂದರೆ ಬೆಳಕು ನಾಲ್ಕು ಪಟ್ಟು. ಫ್ಲ್ಯಾಷಿನ ಬೆಳಕು ಮೆದುವಾಗಿಸುವ ಛತ್ರಿ ಬಿಟ್ಟೆ. ನಮ್ಮ ಕಡೆ ಬಯಲ ಗಾಳಿಗೆ ಅದು ನಿಲ್ಲುವುದೂ ಇಲ್ಲ.

ಮದುವೆ ಹಾಲ್ ಒಳಗೆ ಇದೇ ಮಿತಿ ಅಡ್ಡಿ ಅನಿಸುವುದಿಲ್ಲ. ಕಡಿಮೆ ಪವರ್‌ನಲ್ಲಿ ಸಣ್ಣ ಫ್ಲ್ಯಾಷ್ ಮಿಂಚುವುದು 1/10000 ಸೆಕೆಂಡಿಗಿಂತ ಕಡಿಮೆ ಹೊತ್ತು. 1/125 ಇಟ್ಟರೂ ಅಕ್ಷತೆಯ ಕಾಳು ಗಾಳಿಯಲ್ಲೇ ನಿಲ್ಲುತ್ತದೆ. ಆದರೆ ಪಕ್ಕದಲ್ಲಿ ವಿಡಿಯೊದವರ ಜೋರು ಲೈಟ್ ಇದ್ದರೆ ಪ್ರತಿ ಕಾಳಿಗೂ ಬಾಲ ಬರುತ್ತದೆ. ಅರೆಗಳಿಗೆ ಆ ಲೈಟ್ ತಗ್ಗಿಸಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

ಎರಡು ವರ್ಷದ ಮೇಲೆ ಅದೇ ಮನೆಯವರು ಸಣ್ಣ ಮಗಳ ಮದುವೆಗೆ ಕರೆದರು. ಅದೇ ಅಂಗಳ, ಅದೇ ಬಿಸಿಲು. 1/160, ಎಫ್/13, ಫ್ಲ್ಯಾಷ್ ನಾಲ್ಕು ಅಡಿಯಲ್ಲಿ, ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ. ಕ್ಯಾಮೆರಾ ಸ್ಕ್ರೀನಿಗೆ ಬಿಸಿಲು ಬೀಳದಂತೆ ಕರಿ ಬಟ್ಟೆ ಮುಚ್ಚಿಕೊಂಡು ಮೊದಲು ದಡಿ ನೋಡಿದೆ, ಆಮೇಲೆ ಮುಖ.