ಕುಡುಗೋಲು ತಾಗಿದ ಬೆರಳು ಮತ್ತೆ ಮಡಚುವವರೆಗೆ

ಗಂಗಾವತಿಯಲ್ಲಿ ಫಿಸಿಯೋಥೆರಪಿ ಮಾಡುತ್ತಿರುವ ನಾನು ಕೈ ಮತ್ತು ಮಣಿಕಟ್ಟಿನ ಗಾಯಗಳಿಗೇ ಹೆಚ್ಚು ಸಮಯ ಮೀಸಲಿಟ್ಟಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ ಇಂಥ ಗಾಯಗಳಿಗೆ ಕೊರತೆಯಿಲ್ಲ. ಕಾರಟಗಿ, ಸಿಂಧನೂರು ಕಡೆಯಿಂದ ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿಸಿಕೊಂಡವರು, ಅಕ್ಕಿ ಗಿರಣಿಯ ಬೆಲ್ಟಿಗೆ ಬೆರಳು ಸಿಕ್ಕಿಸಿಕೊಂಡವರು, ಬಚ್ಚಲಲ್ಲಿ ಜಾರಿ ಅಂಗೈ ಊರಿ ಬಿದ್ದ ಹಿರಿಯರು ಬರುತ್ತಾರೆ. ಇವರಲ್ಲಿ ನನಗೆ ಅತ್ಯಂತ ಕಠಿಣವೆನಿಸುವುದು ಬೆರಳು ಮಡಚುವ ಟೆಂಡನ್ (ಸ್ನಾಯುವನ್ನು ಎಲುಬಿಗೆ ಜೋಡಿಸುವ ಹುರಿ) ತುಂಡಾಗಿ, ಹೊಲಿಗೆ ಹಾಕಿಸಿಕೊಂಡು ಬಂದವರ ಚಿಕಿತ್ಸೆ.

ಹೆಬ್ಬೆರಳನ್ನು ಬಿಟ್ಟರೆ ಪ್ರತಿಯೊಂದು ಬೆರಳನ್ನೂ ಮಡಚಲು ಎರಡೆರಡು ಟೆಂಡನ್‌ಗಳಿವೆ. ಅಂಗೈಯಲ್ಲಿ ಬೆರಳುಗಳಿಗೆ ಹತ್ತಿರವಿರುವ ಅಡ್ಡಗೆರೆಯಿಂದ ಬೆರಳಿನ ನಡುವಣ ಎಲುಬಿನ ಮಧ್ಯದವರೆಗೆ ಇವೆರಡೂ ಒಂದೇ ಇಕ್ಕಟ್ಟಾದ ಕವಚದೊಳಗೆ ಜಾರುತ್ತವೆ. ಅಲ್ಲಿ ಹಾಕಿದ ಹೊಲಿಗೆಯನ್ನು ಅಲುಗಾಡಿಸದೆ ಬಿಟ್ಟರೆ ಟೆಂಡನ್ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಬೆರಳು ಮಡಚುವುದೇ ಇಲ್ಲ. ಜೋರಾಗಿ ಎಳೆದರೆ ಹೊಲಿಗೆಯೇ ಕಿತ್ತುಹೋಗುತ್ತದೆ. ಈ ಎರಡು ಅಪಾಯಗಳ ನಡುವೆ, ಯಾವ ವಾರ ಎಷ್ಟು ಚಲನೆ ಎಂದು ನಿರ್ಧರಿಸುವುದೇ ನನ್ನ ಕೆಲಸದ ತಿರುಳು.

ಆದ್ದರಿಂದ ಶಸ್ತ್ರಚಿಕಿತ್ಸೆಯಾದ ಮೂರರಿಂದ ಐದು ದಿನಗಳೊಳಗೆ ರೋಗಿಯನ್ನು ಕಳುಹಿಸಿಕೊಡಿ ಎಂದು ಶಸ್ತ್ರವೈದ್ಯರನ್ನು ಕೇಳಿಕೊಳ್ಳುತ್ತೇನೆ. ಯಾವ ಟೆಂಡನ್ ತುಂಡಾಗಿತ್ತು, ಹೊಲಿಗೆಗೆ ಎಷ್ಟು ಎಳೆ ಹಾಕಿದ್ದಾರೆ, ನರವನ್ನೂ ಸೇರಿಸಿದ್ದಾರೆಯೇ ಎಂಬ ವಿವರವಿರುವ ಆಪರೇಷನ್ ಚೀಟಿಯನ್ನು ನೋಡದೆ ನಾನು ಬೆರಳನ್ನು ಮುಟ್ಟುವುದಿಲ್ಲ. ನಾಲ್ಕೆಳೆಯ ಹೊಲಿಗೆ ತಡೆಯುವ ಎಳೆತವನ್ನು ಎರಡೆಳೆಯ ಹೊಲಿಗೆ ತಡೆಯಲಾರದು.

ಮೊದಲ ದಿನದ ಕೆಲಸ ಸ್ಪ್ಲಿಂಟ್, ಅಂದರೆ ಕೈಯನ್ನು ಬೇಕಾದ ಭಂಗಿಯಲ್ಲಿ ಹಿಡಿದಿಡುವ ಗಟ್ಟಿ ಆಸರೆ, ಮಾಡುವುದು. ಥರ್ಮೋಪ್ಲಾಸ್ಟಿಕ್ ಹಾಳೆಯನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮೆತ್ತಗಾಗಿಸಿ, ನೀರೊರೆಸಿ, ನನ್ನ ಮುಂಗೈಗೆ ಮುಟ್ಟಿಸಿ ಬಿಸಿ ಪರೀಕ್ಷಿಸಿದ ಮೇಲೆ ರೋಗಿಯ ಕೈಯ ಹಿಂಬದಿಗೆ ಹೊದಿಸುತ್ತೇನೆ. ಮಣಿಕಟ್ಟು ಹೆಚ್ಚುಕಡಿಮೆ ನೇರವಾಗಿ, ಬೆರಳಿನ ಬುಡದ ಗೆಣ್ಣುಗಳು 60 ಡಿಗ್ರಿಯಷ್ಟು ಬಾಗಿ, ಮುಂದಿನ ಎರಡು ಗೆಣ್ಣುಗಳು ಪೂರ್ತಿ ನೇರವಾಗಿ ನಿಲ್ಲಬೇಕು. ಹಾಳೆ ಗಟ್ಟಿಯಾಗುವ ಕೆಲವೇ ನಿಮಿಷಗಳಲ್ಲಿ ಈ ಕೋನಗಳು ತಪ್ಪದಂತೆ ಹಿಡಿದುಕೊಂಡಿರಬೇಕಾಗುತ್ತದೆ. ನಮ್ಮ ಬೇಸಿಗೆಯ ಬೆವರಿಗೆ ಒಳಗೊಂದು ಹತ್ತಿಯ ಪದರ ಬೇಕೇ ಬೇಕು. ಮುಂದೆ ರಾತ್ರಿ ಮಾತ್ರ ಧರಿಸುವ ಹಂತ ಬಂದಾಗ, ಅದನ್ನು ಬಿಸಿಲಿಗೆ ನಿಂತ ಕಾರಿನೊಳಗೆ ಬಿಡಬಾರದೆಂದು ಎಚ್ಚರಿಸುತ್ತೇನೆ. ಆ ಸೆಖೆಗೆ ಅದು ಆಕಾರ ಕೆಡುತ್ತದೆ.

ವ್ಯಾಯಾಮ ಸ್ಪ್ಲಿಂಟಿನೊಳಗೇ ಆರಂಭವಾಗುತ್ತದೆ. ಎಚ್ಚರದಲ್ಲಿರುವಷ್ಟು ಹೊತ್ತು, ಗಂಟೆಗೊಮ್ಮೆ, ಇನ್ನೊಂದು ಕೈಯಿಂದ ಗಾಯದ ಬೆರಳನ್ನು ಪೂರ್ತಿ ಮಡಚಿ, ಬಳಿಕ ಸ್ಪ್ಲಿಂಟಿಗೆ ತಾಗುವವರೆಗೆ ನೇರ ಮಾಡಬೇಕು. ಹೊಲಿಗೆ ಬಲವಾಗಿದ್ದರೆ, ಬೆರಳು ತಾನಾಗಿಯೇ ಅರ್ಧ ಮುಷ್ಟಿಯಷ್ಟು ಹಗುರವಾಗಿ ಮಡಚುವುದನ್ನೂ ಕಲಿಸುತ್ತೇನೆ. ಇದನ್ನು ರೋಗಿಗೆ ಮಾತ್ರವಲ್ಲ, ಜೊತೆಗೆ ಬಂದ ಮಗಳಿಗೋ ಸೊಸೆಗೋ ಮಾಡಿಸಿ ತೋರಿಸುತ್ತೇನೆ. ಊರಿಗೆ ಹೋದ ಮೇಲೆ ಯಾರಾದರೂ ಹಿತೈಷಿಗಳು ಎಣ್ಣೆ ಹಚ್ಚಿ ಬೆರಳನ್ನು ನೆಟ್ಟಗೆ ಎಳೆಯಲು ಬಂದರೆ ತಡೆಯಬೇಕಾದವರು ಅವರೇ.

"ರೊಟ್ಟಿ ಬಡಿಯಾಕ ಯಾವಾಗ ಆಗತೈತ್ರಿ ಸರ?" ಎಂಬ ಪ್ರಶ್ನೆಯನ್ನು ಹೆಣ್ಣುಮಕ್ಕಳು ಮೊದಲ ವಾರದಲ್ಲೇ ಕೇಳುತ್ತಾರೆ. ನನಗೆ ಅದು ಬಹಳ ಬೆಲೆಯುಳ್ಳ ಪ್ರಶ್ನೆ, ಏಕೆಂದರೆ ಚಿಕಿತ್ಸೆಯ ಗುರಿಯನ್ನು ಅವರೇ ಹೇಳಿಕೊಟ್ಟಂತಾಗುತ್ತದೆ. ಜೋಳದ ರೊಟ್ಟಿ ಬಡಿಯುವಾಗ ಅಂಗೈ ಚಪ್ಪಟೆಯಾಗಿ, ಬೆರಳುಗಳು ನೇರವಾಗಿ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಮಡಚುವ ಟೆಂಡನ್ ಅತಿ ಹೆಚ್ಚು ಜಗ್ಗುವ ಭಂಗಿಯೇ ಅದು. ಆದ್ದರಿಂದ ಆರು ವಾರಕ್ಕೆ ಹಗಲಿನ ಸ್ಪ್ಲಿಂಟ್ ಬಿಡಿಸಿದರೂ ರೊಟ್ಟಿಗೆ ಅನುಮತಿ ಕೊಡುವುದಿಲ್ಲ. ಎಂಟನೇ ವಾರದಿಂದ ಮೆತ್ತನೆಯ ಹಿಟ್ಟಿನ ಉಂಡೆಯನ್ನು ಹಿಂಡಿಸುತ್ತೇನೆ. ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು, ತುಂಬಿದ ಕೊಡ, ಕುಡುಗೋಲು ಇವೆಲ್ಲ 12 ವಾರ ಕಳೆದ ಮೇಲೆಯೇ. ಕೂಲಿ ಬಿಟ್ಟು ಮೂರು ತಿಂಗಳು ಕೂರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಆದರೂ ಈ ಲೆಕ್ಕವನ್ನು ಮೊದಲ ದಿನವೇ ಮನೆಯವರೆಲ್ಲರ ಮುಂದೆ ಹೇಳಿಬಿಡುತ್ತೇನೆ.

ಟೆಂಡನ್ ಜೊತೆಗೆ ಬೆರಳಿನ ನರವೂ ತುಂಡಾಗಿದ್ದರೆ ಇನ್ನೊಂದು ಕಾಳಜಿ ಸೇರಿಕೊಳ್ಳುತ್ತದೆ. ಸೇರಿಸಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಷ್ಟು ಮಾತ್ರ ಬೆಳೆಯುವುದರಿಂದ ಬೆರಳತುದಿಗೆ ಸ್ಪರ್ಶ ಮರಳಲು ತಿಂಗಳುಗಳೇ ಬೇಕು. ಅಷ್ಟರವರೆಗೆ ಕಾದ ಹಂಚು ಸುಟ್ಟರೂ ತಿಳಿಯುವುದಿಲ್ಲ. ಒಲೆಯ ಹತ್ತಿರ ಆ ಕೈಯನ್ನು ಬಳಸಲೇಬಾರದು, ಪ್ರತಿ ಸಂಜೆ ಬೆರಳತುದಿಗಳನ್ನು ಬೆಳಕಿಗೆ ಹಿಡಿದು ಗುಳ್ಳೆ ಎದ್ದಿದೆಯೇ ಎಂದು ನೋಡಿಕೊಳ್ಳಬೇಕು.

ಮಣಿಕಟ್ಟಿನ ಮೂಳೆ ಮುರಿದವರ ವಿಷಯ ಇಷ್ಟು ಜಟಿಲವಲ್ಲ, ಆದರೆ ಅಲ್ಲಿಯೂ ಬೆರಳುಗಳೇ ಮೊದಲು ಬಿಗಿಯುತ್ತವೆ. ಪ್ಲಾಸ್ಟರ್ ಅಂಗೈಯ ಅಡ್ಡಗೆರೆಯನ್ನು ದಾಟದೆ ಬುಡದ ಗೆಣ್ಣುಗಳು ಪೂರ್ತಿ ಮಡಚುವಂತಿರಬೇಕು. ಬೆರಳು, ಮೊಣಕೈ, ಭುಜಗಳನ್ನು ಮೊದಲ ದಿನದಿಂದಲೇ ಆಡಿಸಬೇಕು. ಕೈಯನ್ನು ಎದೆಗಿಂತ ಎತ್ತರದಲ್ಲಿಡಬೇಕು. ಬೆರಳುಗಳು ಊದಿ ಹೊಳೆಯತೊಡಗಿ, ಮೆಲ್ಲಗೆ ಮುಟ್ಟಿದರೂ ಉರಿಯುವಂತಾದರೆ, ಪ್ಲಾಸ್ಟರ್ ತೆಗೆಯುವ ದಿನಕ್ಕಾಗಿ ಕಾಯದೆ ಅಂದೇ ವೈದ್ಯರಿಗೆ ತೋರಿಸಬೇಕು.