ಲಾಭ ಇದೆ, ಕೈಯಲ್ಲಿ ದುಡ್ಡಿಲ್ಲ: ಬ್ಯಾಂಕಿಗೆ ಹೀಗೆ ಬರೆದೆ

ಪೀಣ್ಯದ ನಮ್ಮ ಸಣ್ಣ ವರ್ಕ್‌ಶಾಪ್‌ಗೆ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ದುಡ್ಡು ತೆಗೆಯುವ ಸಾಲ) ಮಿತಿ ಹೆಚ್ಚಿಸಿ ಎಂದು ಬ್ಯಾಂಕಿಗೆ ಬರೆಯಬೇಕಿತ್ತು. ಲಾಭ ಇದ್ದರೂ ಸಾಲ ಯಾಕೆ ಅಂತ ಮ್ಯಾನೇಜರ್ ಕೇಳುತ್ತಲೇ ಇದ್ದರು. ಎಷ್ಟು ಕೋಷ್ಟಕ ಕೊಟ್ಟರೂ ಅವರಿಗೆ ಸಮಾಧಾನವಿಲ್ಲ.

ಕೊನೆಗೆ ಕಥೆಗಾರರ ದಾರಿ ಹಿಡಿದೆ. ವರ್ಷದ ಲೆಕ್ಕ ಬದಿಗಿಟ್ಟು ಒಂದೇ ಒಂದು ಬಿಲ್ಲನ್ನು ಪಾತ್ರ ಮಾಡಿದೆ. ಶುರು ಮಾಡಿದ್ದು ಮಧ್ಯದಿಂದ: ಮಾಲು ಹೋಗಿದೆ, ಬಿಲ್ಲು ಆಗಿದೆ, ಪುಸ್ತಕದಲ್ಲಿ ಲಾಭವೂ ಬಂದಿದೆ. ದುಡ್ಡು ಮಾತ್ರ ಬಂದಿಲ್ಲ. ಉಕ್ಕಿನ ವ್ಯಾಪಾರಿಗೆ ಆಗಲೇ ನಗದು ಕೊಟ್ಟಾಗಿದೆ. ಮುಂದಿನ ತಿಂಗಳು 7ಕ್ಕೆ ಸಂಬಳ, 15ಕ್ಕೆ ಪಿಎಫ್, 20ಕ್ಕೆ ಜಿಎಸ್‌ಟಿ. ಗಿರಾಕಿ ಕೊಡದಿದ್ದರೂ ಆ ಬಿಲ್ಲಿನ ಜಿಎಸ್‌ಟಿ ನಾವು ಕಟ್ಟಲೇಬೇಕಲ್ವಾ? ಈ ತಾರೀಖುಗಳೇ ಕಥೆಗೆ ಬಿಗಿ ತಂದವು. 2006ರ ಎಂಎಸ್‌ಎಂಇಡಿ ಕಾಯ್ದೆ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ) ನಮ್ಮಂಥ ಸಣ್ಣವರಿಗೆ ಗಿರಾಕಿ ಕೊಡಬೇಕಾದ ಪಾವತಿ 45 ದಿನ ಮೀರಬಾರದು ಎನ್ನುತ್ತದೆ. ಆದರೆ ದೊಡ್ಡ ಗಿರಾಕಿಯ ಮುಂದೆ ಕಾನೂನು ಮಾತಾಡಿ ಆರ್ಡರ್ ಕಳೆದುಕೊಳ್ಳುವವರು ಯಾರು?

ಗಿರಾಕಿಯನ್ನು ಖಳನಾಯಕ ಮಾಡಲಿಲ್ಲ, ಅಂಕಿಗೆ ಬಣ್ಣ ಹಚ್ಚಲಿಲ್ಲ. ಪ್ರತಿ ತಿರುವಿನ ಪಕ್ಕ ಬ್ಯಾಂಕ್ ಸ್ಟೇಟ್‌ಮೆಂಟಿನ ಪುಟಸಂಖ್ಯೆ ಹಾಕಿದೆ. ಇದು ಮುಖ್ಯ, ಇಲ್ಲದಿದ್ದರೆ ಸುಮ್ನೆ ಕಥೆ ಹೇಳಿದ ಹಾಗಾಗುತ್ತದೆ. ಕೋಷ್ಟಕಗಳೆಲ್ಲ ಕೊನೆಯ ಪುಟಕ್ಕೆ ಹೋದವು.

ಈ ಸಲ ಮ್ಯಾನೇಜರ್ ಕೇಳಿದ್ದು ಬೇರೆ: "ಇಂಥ ಬಿಲ್ಲು ತಿಂಗಳಿಗೆ ಎಷ್ಟಾಗುತ್ತೆ?" ಮಿತಿಯ ಮಾತು ಅಲ್ಲಿಂದ ಮುಂದುವರಿಯಿತು.