ತುಕ್ಕಿನ ಕೆಳಗಿನ ಹೆಸರು: ಹಳೇ ಡಿಸ್ಟನ್ ಗರಗಸಗಳ ಜೊತೆ ನನ್ನ ಅನುಭವ

ಡಿಸ್ಟನ್ ಅಂದರೆ ಫಿಲಡೆಲ್ಫಿಯಾದ ಹಳೇ ಗರಗಸ ಕಂಪನಿ. ತುಕ್ಕು ಹಿಡಿದು ಕಪ್ಪಗಾದ ಅದರ ಗರಗಸದ ಎಚಿಂಗ್, ಅಂದರೆ ಅಲಗಿನ ಮೇಲೆ ಆಮ್ಲದಿಂದ ಕೊರೆದ ಹೆಸರು, ನಂಬರ್, ಮತ್ತೆ ಓದಲು ಆಗುವುದೇ ಇಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಇಲ್ಲಿ ಕನೆಕ್ಟಿಕಟ್‌ನಲ್ಲಿ ಹಳೇ ಉಪಕರಣ ಸಂಗ್ರಹಿಸುವ ಹಿರಿಯರೇ, ಹಿಡಿ ಬಿಚ್ಚಿಟ್ಟುಕೋ, ಅಲಗನ್ನು ಗುಜರಿಗೆ ಹಾಕು ಅಂದಿದ್ದರು. ಈಗ ನನ್ನ ಗ್ಯಾರೇಜಿನ ಗೋಡೆಯಲ್ಲಿ ಕಂಪನಿ ಹೆಸರು, ಮಾಡೆಲ್ ನಂಬರ್ ಚೆನ್ನಾಗಿ ಓದಬಹುದಾದ ಇಪ್ಪತ್ತಕ್ಕೂ ಜಾಸ್ತಿ ಗರಗಸ ತೂಗುತ್ತಿವೆ. ಹೆಚ್ಚಿನವು 5 ಡಾಲರ್ ಒಳಗೆ ಸಿಕ್ಕಿದ್ದು. ಅದೇ ಹಿರಿಯರು ಈಗ ತಮ್ಮ ಗರಗಸ ಹಿಡಿದುಕೊಂಡು ನನ್ನ ಮನೆಗೆ ಬರುತ್ತಾರೆ.

ಹಿಡಿಯ ಮೇಲಿನ ಹಿತ್ತಾಳೆ ಬಿಲ್ಲೆ ನೋಡಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಬಿಲ್ಲೆ ಕಾಲ ಹೇಳುತ್ತದೆ, ನಿಜ. ‘ಎಚ್. ಡಿಸ್ಟನ್ & ಸನ್’ ಅಂತ ಒಬ್ಬನೇ ಮಗನಿದ್ದರೆ 1865ರಿಂದ 1871. ‘ಸನ್ಸ್’ ಅಂತಿದ್ದರೆ ಅದರ ನಂತರದ್ದು. ‘ಡಿಸ್ಟನ್ ಯು.ಎಸ್.ಎ.’ ಅಂತಿದ್ದರೆ 1917ರಿಂದ 1940ರ ಆಸುಪಾಸು. ಆದರೆ ಬಿಲ್ಲೆ ಇರುವುದು ಹಿಡಿಯಲ್ಲಿ. ನೂರು ವರ್ಷದಲ್ಲಿ ಹಿಡಿ ಎಷ್ಟು ಸಲ ಬದಲಾಗಿರಬಹುದು! ಬಡಗಿಗಳು ಒಂದರ ಹಿಡಿ ಇನ್ನೊಂದಕ್ಕೆ ಹಾಕಿ ಕೆಲಸ ಮುಂದುವರಿಸುತ್ತಿದ್ದರು. ಇನ್ನು ‘ವಾರಂಟೆಡ್ ಸುಪೀರಿಯರ್’ ಬಿಲ್ಲೆ ಬಂದರೆ ಯಾರ ಗರಗಸ ಅಂತ ಹೇಳುವುದೇ ಕಷ್ಟ. ಡಿಸ್ಟನ್‌ನವರೂ ಬೇರೆಯವರೂ ಹಾರ್ಡ್‌ವೇರ್ ಅಂಗಡಿಗಳಿಗೆ ಮಾಡಿಕೊಟ್ಟ ಅಗ್ಗದ ಮಾಲಿಗೆಲ್ಲ ಅದೇ ಬಿಲ್ಲೆ. ಕೊನೆಗೆ ನಿಜ ಹೇಳುವುದು ಅಲಗು ಮಾತ್ರ.

ಮೊದಲು ಮಾಡಿ ನೋಡಿದ್ದೆಲ್ಲ ಕೈಕೊಟ್ಟಿತು. ರಾತ್ರಿಯಿಡೀ ವಿನೆಗರ್‌ನಲ್ಲಿ ಮುಳುಗಿಸಿಟ್ಟರೆ ತುಕ್ಕು ಹೋಗುತ್ತದೆ, ಜೊತೆಗೆ ಎಚಿಂಗ್ ಕೂಡ ಹೋಗುತ್ತದೆ. ಉಳಿಯುವುದು ಒಂದೇ ಸಮನಾದ ಬೂದು ಬಣ್ಣ. ಡ್ರಿಲ್ಲಿಗೆ ವೈರ್ ವೀಲ್ ಹಾಕಿದರೆ ಅಲಗು ಹೊಳೆಯುತ್ತದೆ, ಆದರೆ ಅಕ್ಷರಗಳ ಅಂಚು ಸವೆದು ಉರುಟಾಗುತ್ತದೆ. ಬ್ಯಾಟರಿ ಚಾರ್ಜರ್, ವಾಷಿಂಗ್ ಸೋಡಾ ಹಾಕಿ ಎಲೆಕ್ಟ್ರಾಲಿಸಿಸ್ ಕೂಡ ಮಾಡಿದೆ. ಇದು ಪರವಾಗಿಲ್ಲ, ಕಬ್ಬಿಣ ತಿನ್ನುವುದಿಲ್ಲ. ಆದರೆ ಅಲಗಿನ ಮೇಲೆ ಉಳಿಯುವ ಕಪ್ಪು ಪುಡಿ ಒರೆಸುವಾಗ ಎಚಿಂಗ್‌ನೊಳಗಿನ ಹಳೇ ಕಪ್ಪೂ ಬಂದುಬಿಡುತ್ತದೆ. ಚಾರ್ಜರ್, ಟಬ್, ಬಾಟಲಿಗಳು, ಹಾಳಾದ ಅಲಗುಗಳು ಎಲ್ಲ ಸೇರಿ ಮೊದಲ ವರ್ಷ ಏನಿಲ್ಲವೆಂದರೂ 200 ಡಾಲರ್ ಹೋಗಿರಬೇಕು.

ದಾರಿ ಸಿಕ್ಕಿದ್ದು ಬಂದೂಕಿನ ಕಬ್ಬಿಣ ಕಪ್ಪು ಮಾಡುವ ಕೋಲ್ಡ್ ಬ್ಲೂ ದ್ರವದಿಂದ. ಹಲವರು ಇದನ್ನು ಬಳಸುತ್ತಾರೆ, ನಾನು ಕಂಡುಹಿಡಿದದ್ದೇನೂ ಅಲ್ಲ. ಆದರೆ ಸ್ವಲ್ಪ ಮಾಸಿದ ಗರಗಸಕ್ಕೆ ಮಾತ್ರ ಅದು ಸರಿ, ಪೂರ್ತಿ ಕಪ್ಪಾಗಿ ಗುಳಿ ಬಿದ್ದಿದ್ದಕ್ಕೆ ಆಗದು ಅಂತ ಎಲ್ಲರ ನಂಬಿಕೆ. ಗುಳಿ ಬಿದ್ದಿದ್ದಕ್ಕೂ ಆಗುತ್ತದೆ.

ಮೊದಲು ರೇಜರ್ ಬ್ಲೇಡನ್ನು ಅಲಗಿಗೆ ಹೆಚ್ಚುಕಡಿಮೆ ಮಲಗಿಸಿ ಹಿಡಿದು ತುಕ್ಕಿನ ಹೊಪ್ಪಳೆ ಎಬ್ಬಿಸಬೇಕು. ಬಿಲ್ಲೆ ಯಾವ ಕಡೆ ಇದೆಯೋ ಅದೇ ಕಡೆ ಎಚಿಂಗ್ ಇರುತ್ತದೆ, ಅಲಗಿನ ನಡುಭಾಗದಲ್ಲಿ. ಅಲ್ಲಿ ಅಂಗೈಯಷ್ಟು ಜಾಗಕ್ಕೆ ಮಾತ್ರ ನನ್ನ ಗಮನ. ಆಮೇಲೆ 320ರ ವಾಟರ್ ಪೇಪರ್, ಗಟ್ಟಿ ಮೇಪಲ್ ಮರದ ಚಪ್ಪಟೆ ತುಂಡಿಗೆ ಸುತ್ತಿ. ಬೆರಳಲ್ಲಿ ಒತ್ತಿ ಉಜ್ಜಲೇಬಾರದು. ಬೆರಳು ಮೆತ್ತಗಿರುವುದರಿಂದ ಪೇಪರ್ ಅಕ್ಷರದ ತಗ್ಗಿನೊಳಗೂ ಇಳಿಯುತ್ತದೆ. ಗಟ್ಟಿ ತುಂಡಾದರೆ ಮೇಲ್ಮೈ ಮಾತ್ರ ಸವೆಯುತ್ತದೆ. ಅಲಗಿನ ಉದ್ದಕ್ಕೇ ಎಳೆಯಬೇಕು. ಪಕ್ಕದಲ್ಲಿ ಟಾರ್ಚ್ ಮಲಗಿಸಿಟ್ಟು ಆಗಾಗ ನೋಡುತ್ತಿರಬೇಕು. ಒಂದು ಗೆರೆ, ಒಂದು ಮೂಲೆ ಕಂಡ ಕೂಡಲೇ ನಿಲ್ಲಿಸಬೇಕು. ಪೂರ್ತಿ ಅಕ್ಷರ ಕಾಣುವ ತನಕ ಉಜ್ಜಿದರೆ ಕೆಲಸ ಕೆಟ್ಟಂತೆ.

ನಂತರ ಅಸಿಟೋನ್ ಹಾಕಿ ಜಿಡ್ಡು ತೆಗೆದು, ಕೋಲ್ಡ್ ಬ್ಲೂ ಹಚ್ಚುತ್ತೇನೆ. ಇಡೀ ಜಾಗ ಮಸಿಯಂತೆ ಕಪ್ಪಾಗುತ್ತದೆ. ನೋಡಿದವರು ಹೆದರುತ್ತಾರೆ. ತೊಳೆದು ಒಣಗಿಸಿ, ಅದೇ ಮರದ ತುಂಡಿಗೆ 600ರ ಪೇಪರ್ ಸುತ್ತಿ ಹಗುರವಾಗಿ ಎಳೆಯುತ್ತೇನೆ. ಮೇಲಿನ ಕಪ್ಪು ಹೋಗಿ ತಗ್ಗಿನ ಕಪ್ಪು ಉಳಿಯುತ್ತದೆ. ಮೊದಲು ಕೀಸ್ಟೋನ್ (ಕಮಾನಿನ ನಡುಗಲ್ಲು) ಚಿತ್ರದ ಓರೆ ಅಂಚು, ಆಮೇಲೆ ‘ಫಿಲಡೆಲ್ಫಿಯಾ’ದ ತುಣುಕು, ಆಮೇಲೆ ನಂಬರ್. ಗುಳಿ ಜಾಸ್ತಿ ಇದ್ದರೆ ಅಕ್ಷರ ತುಂಡು ತುಂಡಾಗಿ ಬರುತ್ತದೆ. ಬರಲಿ, ಗುರುತು ಹಿಡಿಯಲು ಅಷ್ಟೇ ಸಾಕು. ಕೊನೆಗೆ ಮೇಣ ಹಚ್ಚಿದರೆ ಆಯಿತು.

ಗುಳಿ ಬಿದ್ದ ಅಲಗಿಗೆ ಬ್ಲೂ ಹಚ್ಚುವ ಮುಂಚೆ ನಾನು ಇನ್ನೊಂದು ವಸ್ತು ಉಜ್ಜುತ್ತೇನೆ. ಅದು ಏನು, ಬ್ಲೂ ಎಷ್ಟು ಹೊತ್ತು ಬಿಡುತ್ತೇನೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮುಖಾಮುಖಿ ಸಿಕ್ಕವರಿಗೆ ತೋರಿಸಿದ್ದೇನೆ, ಮುಂದೆಯೂ ತೋರಿಸುತ್ತೇನೆ.

ಇದರ ಲಾಭ ಏನು ಅಂದರೆ ಒಂದು ಉದಾಹರಣೆ ಕೇಳಿ. ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್ ಸಂತೆ ಗೊತ್ತಲ್ಲ, ಮೇ, ಜುಲೈ, ಸೆಪ್ಟೆಂಬರ್‌ನಲ್ಲಿ ಸೇರುವುದು. ಅಲ್ಲಿ ಒಂದು ಪೆಟ್ಟಿಗೆ ತುಂಬ ತುಕ್ಕು ಗರಗಸ, ಒಂದಕ್ಕೆ 4 ಡಾಲರ್. ಒಂದರ ಹಿಡಿ ಯಾರೋ ಪೈನ್ ಹಲಗೆಯಿಂದ ಕೊರೆದು ಮಾಡಿದ್ದು, ಅದಕ್ಕೆ ವಾರಂಟೆಡ್ ಸುಪೀರಿಯರ್ ಬಿಲ್ಲೆ. ಜೊತೆಗಿದ್ದ ಗೆಳೆಯರು ಮುಟ್ಟಲೂ ಇಲ್ಲ. ನಾನು ಅಲಗನ್ನು ಬಗ್ಗಿಸಿ ಬಿಟ್ಟೆ, ಒಳ್ಳೇ ಸದ್ದು ಬಂತು. ಬೆನ್ನಿನ ಕಡೆ ತೆಳುವಾಗಿ ಅರೆದಿರುವುದು ಬೆರಳಿಗೇ ಗೊತ್ತಾಗುತ್ತಿತ್ತು. ಅಗ್ಗದ ಗರಗಸಕ್ಕೆ ಯಾರೂ ಅಷ್ಟು ಅರೆಯುವುದಿಲ್ಲ. ಮನೆಗೆ ತಂದು ಎಚಿಂಗ್ ಎಬ್ಬಿಸಿದರೆ ನಂಬರ್ 12! ಡಿಸ್ಟನ್‌ನವರ ಮೇಲ್ದರ್ಜೆಯ ಗರಗಸ, ‘ಲಂಡನ್ ಸ್ಪ್ರಿಂಗ್’ ಉಕ್ಕು ಅಂತ ಮೇಲೆ ಬರೆದುಕೊಂಡು ಬರುತ್ತಿದ್ದದ್ದು. ಹಿಡಿಯ ಹತ್ತಿರ 8 ಅಂತ ಒಂದು ಇಂಚಿನ ಹಲ್ಲಿನ ಲೆಕ್ಕ ಒತ್ತಿತ್ತು, ಎಣಿಸಿದರೆ 10. ಯಾರೋ ಹಲ್ಲು ಹೊಸದಾಗಿ ಕೊಯ್ದಿದ್ದಾರೆ. ಆ ಪೈನ್ ಹಿಡಿ ಇದ್ದ ಹಾಗೆಯೇ ಒಬ್ಬರು 70 ಡಾಲರ್ ಚಿಲ್ಲರೆಗೆ ತೆಗೆದುಕೊಂಡರು. ಸೇಬಿನ ಮರದ ಮೂಲ ಹಿಡಿ ಇದ್ದಿದ್ದರೆ ಇದರ ಎರಡರಷ್ಟು ಕೇಳುತ್ತಿದ್ದೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಆಫೀಸಿನಲ್ಲಿ ಬಿಸಾಡುತ್ತಿದ್ದ ಫ್ಲಾಟ್‌ಬೆಡ್ ಸ್ಕ್ಯಾನರ್ ತಂದು, ತುಕ್ಕು ಗರಗಸವನ್ನೇ ಅದರ ಮೇಲೆ ಮಲಗಿಸಿ ಸ್ಕ್ಯಾನ್ ಮಾಡಿದೆ. ಕಾಂಟ್ರಾಸ್ಟ್ ಏರಿಸಿದರೆ ಕಣ್ಣಿಗೆ ಕಾಣದ ಗೆರೆಗಳು ಕೆಲವು ಕಂಡವು. ಓದಲು ಸಾಲದು, ಆದರೆ ಎಲ್ಲಿ ಉಜ್ಜಬಾರದು ಅಂತ ಗೊತ್ತಾಗುತ್ತದೆ. ಅಲಗನ್ನು ಅಡ್ಡ ತಿರುಗಿಸಿ ಎರಡನೇ ಸಲ ಸ್ಕ್ಯಾನ್ ಮಾಡಿದರೆ ಇನ್ನೂ ಉತ್ತಮ, ಬೆಳಕು ಬೇರೆ ದಿಕ್ಕಿನಿಂದ ಬೀಳುತ್ತದೆ. ಗಾಜಿಗೆ ಗೀರು ಬೀಳದಂತೆ ಪ್ಲಾಸ್ಟಿಕ್ ಹಾಳೆ ಹಾಕಿ.

ಗರಗಸದಲ್ಲಿ ಕಲಿತ ಪಾಠವನ್ನೇ ಸ್ಟ್ಯಾನ್ಲಿ ಕಂಪನಿಯ ಕೀಸುಳಿಗೂ ಹಾಕಿದೆ. ಬೇಗ ಬದಲಾಗುವ ಭಾಗವನ್ನು ಕೊನೆಗೆ ನಂಬಬೇಕು. ಎಲ್ಲರೂ ಮೊದಲು ಬ್ಲೇಡಿನ ಮೇಲಿನ ಮುದ್ರೆ ನೋಡುತ್ತಾರೆ. ಹೃದಯದ ಚಿತ್ರದೊಳಗೆ ‘ಎಸ್‌.ಡಬ್ಲ್ಯೂ.’ ಕಂಡರೆ 1920–35 ಅಂತ ಕಣ್ಣುಮುಚ್ಚಿ ಹೇಳುತ್ತಾರೆ. ಬ್ಲೇಡ್ ಸವೆದು ಹೋಗುವ ವಸ್ತು, ಯಾರು ಯಾವಾಗ ಬದಲಿಸಿದರೋ! ನಾನು ತಳದಿಂದ ಶುರು ಮಾಡುತ್ತೇನೆ. ಫ್ರಾಗ್ (ಬ್ಲೇಡ್ ಕೂರುವ ಓರೆ ತುಂಡು) ಹಿಂದೆ ಮೂರು ಪೇಟೆಂಟ್ ತಾರೀಖು ಇದೆಯಾ, 1902ರ ಎರಡು, 1910ರ ಒಂದು? ಇದ್ದರೆ ಮುಂದಿನ ಗುಬ್ಬಿ, ಅಂದರೆ ಕೈ ಹಿಡಿಯುವ ಮರದ ಗುಂಡು ನೋಡಿ. ಗಿಡ್ಡ ಗುಬ್ಬಿ, ಬ್ಲೇಡ್ ಏರಿಳಿಸುವ ಸುಮಾರು ಒಂದು ಇಂಚಿನ ಹಿತ್ತಾಳೆ ನಟ್ ಇದ್ದರೆ 1910–18, ಅಂದರೆ ಸಂಗ್ರಾಹಕರು ಹೇಳುವ ಟೈಪ್ 11. ಎತ್ತರದ ಗುಬ್ಬಿ, ಒಂದೂಕಾಲು ಇಂಚಿನ ನಟ್ ಇದ್ದರೆ 1919ರ ನಂತರದ್ದು. ಫ್ರಾಗ್ ಹೊಂದಿಸುವ ಸ್ಕ್ರೂ ಇಲ್ಲವೇ ಇಲ್ಲ ಅಂದರೆ 1907ಕ್ಕಿಂತ ಹಿಂದಿನದು. ಬ್ಲೇಡನ್ನು ಒತ್ತಿ ಹಿಡಿಯುವ ಲೀವರ್ ಕ್ಯಾಪ್‌ನಲ್ಲಿ ಮೂತ್ರಪಿಂಡದ ಆಕಾರದ ತೂತಿದ್ದರೆ ಆ ಕ್ಯಾಪ್ 1933ರ ಮೇಲಿನದು, ಕೆಳಗಿನ ಎರಕ ಏನೇ ಹೇಳಲಿ. ಮೂರು ಭಾಗ ಒಂದೇ ಕಾಲ ಹೇಳದಿದ್ದರೆ ನಾನು 20 ಡಾಲರ್ ಮೇಲೆ ಕೊಡುವುದಿಲ್ಲ.

ಕೀಸುಳಿ ರೂಪಿಸಿದ ಲಿಯೊನಾರ್ಡ್ ಬೇಲಿಯ ಪೇಟೆಂಟ್‌ಗಳನ್ನು 1869ರಲ್ಲಿ ಕೊಂಡ ಸ್ಟ್ಯಾನ್ಲಿ ಕಂಪನಿಯ ಊರು ನ್ಯೂ ಬ್ರಿಟನ್. ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಅದಕ್ಕೇ ಇರಬೇಕು, ತೀರಿಕೊಂಡವರ ಮನೆ ಸಾಮಾನು ಮಾರುವ ಈ ಕಡೆಯ ಎಸ್ಟೇಟ್ ಸೇಲ್‌ಗಳಲ್ಲಿ ಬೇರೆ ರಾಜ್ಯದವರಿಗೆ ಕಾಣದ ಬಿಡಿ ಭಾಗಗಳು ಡಬ್ಬಿಗಟ್ಟಲೆ ಸಿಗುತ್ತವೆ. ಯಾವ ಊರಿನ ಸೇಲ್ ಅಂತ ಕೇಳಬೇಡಿ, ಹೇಳುವುದಿಲ್ಲ.

ಹೆಸರೇ ಇಲ್ಲದ ಉಪಕರಣಕ್ಕೆ ಪೇಟೆಂಟ್ ನಂಬರ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅಮೆರಿಕದ ಹತ್ತು ಲಕ್ಷದ ಪೇಟೆಂಟ್ 1911ರಲ್ಲಿ, ಇಪ್ಪತ್ತು ಲಕ್ಷದ್ದು 1935ರಲ್ಲಿ. ಈ ಎರಡು ನೆನಪಿಟ್ಟರೆ ಸಂತೆಯಲ್ಲಿ ನಿಂತಲ್ಲೇ ಕಾಲ ಅಂದಾಜು ಮಾಡಬಹುದು. ಆದರೆ ಅದು ಪೇಟೆಂಟಿನ ಕಾಲ. ಆ ಉಪಕರಣ ಮಾಡಿದ್ದು ಅದಕ್ಕಿಂತ ಹಿಂದೆ ಅಲ್ಲ ಅಂತ ಮಾತ್ರ ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕ ಕೇಳಿದರೆ, ಒಂದು ಬಾಟಲಿ ಕೋಲ್ಡ್ ಬ್ಲೂ 10–12 ಡಾಲರ್, ಇಪ್ಪತ್ತು ಗರಗಸಕ್ಕೆ ಧಾರಾಳ. ಪೇಪರ್, ಅಸಿಟೋನ್ ಸೇರಿ ಒಂದಕ್ಕೆ ಒಂದೂವರೆ ಡಾಲರ್ ಬೀಳಬಹುದು. ಮೂರು ನಾಲ್ಕು ಗಂಟೆ ಕೂಲಿ ಲೆಕ್ಕ ಹಾಕಬೇಡಿ. ಹೆಸರಿಲ್ಲದೆ 10 ಡಾಲರ್‌ಗೆ ಹೋಗುವ ಗರಗಸ, ಹೆಸರು ಎದ್ದ ಮೇಲೆ 40–50ಕ್ಕೆ ಹೋಗುತ್ತದೆ. 1955ರಲ್ಲಿ ಡಿಸ್ಟನ್ ಕಂಪನಿ ಎಚ್.ಕೆ. ಪೋರ್ಟರ್ ಅನ್ನುವ ಬೇರೆ ಕಂಪನಿಯ ಕೈಗೆ ಹೋದ ನಂತರದ ಗರಗಸಗಳಿಗೆ ಮಾತ್ರ ನಾನು ಇಷ್ಟು ಶ್ರಮ ಹಾಕುವುದಿಲ್ಲ.

ಈಗ ಇದೇ ದ್ರವವನ್ನು ಸ್ಟಾರೆಟ್ ಅನ್ನುವ ಅಳತೆ ಉಪಕರಣ ಕಂಪನಿಯ ಸ್ಟೀಲ್ ಸ್ಕೇಲುಗಳ ಮೇಲೆ ನೋಡುತ್ತಿದ್ದೇನೆ. ಹಳೇ ಸಾದಾ ಉಕ್ಕಿನ ಸ್ಕೇಲಿನಲ್ಲಿ ಗೆರೆ, ಅಂಕಿ ಎಲ್ಲ ಕಪ್ಪಾಗಿ ಎದ್ದು ಬಂದಿದೆ. ಕ್ರೋಮ್ ಲೇಪದ್ದಕ್ಕೆ ಹಿಡಿಯುವುದಿಲ್ಲ, ಸುಮ್ನೆ ದ್ರವ ದಂಡ. ಅದಕ್ಕೆ ಬೇರೆ ಏನಾದರೂ ಹುಡುಕಬೇಕು.